ಶನಿವಾರದ ಮುಖ್ಯ ಶಿಕ್ಷಕರ ಸಭೆ: ಬರುವ ಮೊದಲು ಒಂದು ಕೆಲಸ

ಎಲ್ಲ ಮುಖ್ಯ ಶಿಕ್ಷಕರಿಗೆ ನಮಸ್ಕಾರ. ಶನಿವಾರ ಮಧ್ಯಾಹ್ನ 2ಕ್ಕೆ ನಮ್ಮ ಸುತ್ತಮುತ್ತಲ ಶಾಲೆಗಳ ಕ್ಲಸ್ಟರ್ ಸಭೆ ಇದೆ. ಸ್ಯಾಟ್ಸ್ (ಮಕ್ಕಳ ಮಾಹಿತಿ ತುಂಬುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ವಿಷಯ ಅಲ್ಲಿ ಬೇಡ, ಗ್ರೂಪಿನಲ್ಲೇ ಮುಗಿಸೋಣ.

ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆ ಆಗಬೇಕು. ಶಿಕ್ಷಕರ ಆನ್‌ಲೈನ್ ತರಬೇತಿಯಿರುವ ಸರ್ಕಾರಿ ಜಾಲತಾಣ ದೀಕ್ಷಾದಲ್ಲಿ ವಿಡಿಯೊ ಓಡಲು ಬಿಟ್ಟು ಸರ್ಟಿಫಿಕೇಟ್ ಇಳಿಸಿಕೊಂಡರೆ ಗಂಟೆ ತುಂಬೀತು, ಶಾಲೆ ಹಾಗೇ ಇರುತ್ತದೆ. (ಯಾರನ್ನೂ ಕುರಿತು ಹೇಳಿದ್ದಲ್ಲ!)

ಅದಕ್ಕೇ ಈ ವಾರ ಯಾವುದಾದರೂ ಒಂದು ತರಗತಿಯ ಹಿಂದಿನ ಸಾಲಿನಲ್ಲಿ ಪೂರ್ತಿ ಒಂದು ಪಿರಿಯಡ್ ಕೂತು ಬನ್ನಿ. ಮೇಷ್ಟ್ರ ತಪ್ಪು ಹುಡುಕಲಿಕ್ಕಲ್ಲ; ಯಾವ ಮಗು ಬಾಯೇ ಬಿಡಲಿಲ್ಲ, ಯಾರ ನೋಟ್‌ಬುಕ್ ಖಾಲಿ ಇತ್ತು ಎಂದು ಬರೆದುಕೊಳ್ಳಿ. ಆಮೇಲೆ ಆ ಶಿಕ್ಷಕರೊಬ್ಬರ ಜೊತೆಗೇ ಮಾತಾಡಿ, ಎಲ್ಲರೆದುರು ಬೇಡ. ಏಕೋಪಾಧ್ಯಾಯ ಶಾಲೆಯವರು ಪಕ್ಕದ ಶಾಲೆಗೆ ಹೋಗಿಬರಬಹುದು. ಟಿಪ್ಪಣಿ ಮರೆಯದೆ ತನ್ನಿ, ಚರ್ಚೆ ಅದರ ಮೇಲೆಯೇ.