ಕ್ಯಾಲೆಂಡರ್ ಸೀನರಿಗಿಂತ ಮುಂಚಿನ ಸ್ವಿಟ್ಜರ್ಲೆಂಡ್

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಸ್ವಿಟ್ಜರ್ಲೆಂಡ್ ಪ್ರವಾಸದ ಲೇಖನ ಓದ್ದೆ, ಚೆನ್ನಾಗೇ ಇತ್ತು, ಚಾಕ್ಲೇಟು, ಟ್ರೇನು, ಸಿನಿಮಾ ಶೂಟಿಂಗ್ ನಡೆದ ಜಾಗ ಎಲ್ಲಾ ಬಂದಿತ್ತು. ಆದ್ರೆ ಅಲ್ಲಿನ ಚಿತ್ರಕಾರರ ವಿಷಯ ಮಾತ್ರ, ಇಷ್ಟು ಚಂದದ ಬೆಟ್ಟ ಕಣ್ಮುಂದೆ ಇದ್ದಾಗ ಬಿಡಿಸೋದೇನು ಮಹಾ ಅನ್ನೋ ಧಾಟಿಲಿ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ರಿ. ಅದನ್ನ ಓದಿ ಸುಮ್ನಿರೋಕಾಗ್ಲಿಲ್ಲ, ಅದಕ್ಕೇ ಈ ಪತ್ರ.

ನಾನು ಕಂಪನಿ ಕೆಲಸದ ಮೇಲೆ ಎರಡು ವರ್ಷ ಬಾಡೆನ್ ಅನ್ನೋ ಊರಲ್ಲಿದ್ದೆ. ಅದಿರೋದು ಆರ್ಗಾವ್ ಪ್ರಾಂತ್ಯದಲ್ಲಿ. ಅಲ್ಲೇ ಹತ್ರದಲ್ಲಿ ಮುರಿ ಅಂತ ಇನ್ನೊಂದು ಊರು (ನಮ್ಮ ಮುರಿಯೋದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ), ದೊಡ್ಡ ಕ್ರೈಸ್ತ ಮಠ ಇರೋ ಊರು. ಅಲ್ಲಿ 1735ರಲ್ಲಿ ಒಬ್ಬ ಮರಗೆಲಸದವನ ಮಗನಾಗಿ ಹುಟ್ಟಿದವನು ಕ್ಯಾಸ್ಪರ್ ವೋಲ್ಫ್. ನಮ್ಮಲ್ಲಿ ಹೆಸರು ಕೇಳಿದವರು ಕಮ್ಮಿ, ಅಲ್ಲೂ ಏನು ಮನೆಮಾತಲ್ಲ ಬಿಡಿ, ನನ್ನ ಆಫೀಸಿನ ಸ್ವಿಸ್ ಸಹೋದ್ಯೋಗಿಗಳಿಗೇ ಅರ್ಧ ಜನಕ್ಕೆ ಗೊತ್ತಿರ್ಲಿಲ್ಲ.

ಕಾನ್‌ಸ್ಟಾನ್ಸ್‌ನಲ್ಲಿ ಚಿತ್ರ ಕಲ್ತ, ಹೊಟ್ಟೆಪಾಡಿಗೆ ಗೋಡೆ ಅಲಂಕಾರದಂಥ ಕೆಲಸ ಎಲ್ಲಾ ಮಾಡ್ದ, ಒಂದೆರಡು ವರ್ಷ ಪ್ಯಾರಿಸ್‌ಗೂ ಹೋಗ್ಬಂದ. ಅವನ ಅಸಲಿ ಕೆಲಸ ಶುರುವಾಗಿದ್ದು ನಲವತ್ತರ ಹತ್ರ ಬಂದಾಗ. ಬರ್ನ್ ನಗರದ ಆಬ್ರಹಾಂ ವಾಗ್ನರ್ ಅನ್ನೋ ಪ್ರಕಾಶಕ, ಆಲ್ಪ್ಸ್ ಬೆಟ್ಟಗಳನ್ನ ಇದ್ದದ್ದು ಇದ್ದಹಾಗೆ ತೋರಿಸೋ ಸುಮಾರು 200 ಚಿತ್ರ ಬೇಕು ಅಂತ ಇವನಿಗೆ ಆರ್ಡರ್ ಕೊಟ್ಟ. ಆಗ ಆಲ್ಪ್ಸ್ ಅಂದ್ರೆ ಜನಕ್ಕೆ ಸೀನರಿ ಅಲ್ಲ ಸಾರ್, ಭಯ, ಹಿಮಪಾತ, ಜಾರಿ ಬಿದ್ರೆ ಹೆಣಾನೂ ಸಿಗಲ್ಲ ಅನ್ನೋ ಜಾಗ. ಅಂಥ ಕಡೆಗೆ ಪ್ರಕಾಶಕ, ಚಿತ್ರಕಾರ, ಜೊತೆಗೆ ಗಿಡ ಕಲ್ಲು ಎಲ್ಲಾ ಅಧ್ಯಯನ ಮಾಡೋ ವಿಟ್ಟೆನ್‌ಬಾಖ್ ಅನ್ನೋ ಒಬ್ಬ ಪಾದ್ರಿ, ಹೀಗೆ ಗುಂಪು ಕಟ್ಕೊಂಡು ಹತ್ತಿದ್ರು.

ವೋಲ್ಫ್ ಕೆಲಸ ಮಾಡ್ತಿದ್ದ ರೀತಿ ಕೇಳಿ. ಮೇಲೆ ಹೋಗಿ ಜಾಗದಲ್ಲೇ ಕೂತು ಎಣ್ಣೆಬಣ್ಣದಲ್ಲಿ ಸಣ್ಣ ಸ್ಕೆಚ್ ಮಾಡ್ಕೊಳೋದು (ಟ್ಯೂಬಲ್ಲಿ ಬರೋ ಬಣ್ಣ ಬಂದಿದ್ದೇ 1841ರಲ್ಲಿ, ಅದಕ್ಕೂ ಅರವತ್ತು ಎಪ್ಪತ್ತು ವರ್ಷ ಮುಂಚೆ ಬಣ್ಣ ಹೊತ್ಕೊಂಡು ಹಿಮನದಿ ಹತ್ತೋದು ಅಂದ್ರೆ ಯೋಚ್ನೆ ಮಾಡಿ), ಕೆಳಗೆ ಬಂದು ದೊಡ್ಡ ಕ್ಯಾನ್ವಾಸಿಗೆ ಇಳಿಸೋದು, ಆಮೇಲೆ ಆ ಕ್ಯಾನ್ವಾಸನ್ನೇ ವಾಪಸ್ ಬೆಟ್ಟಕ್ಕೆ ತಗೊಂಡ್ಹೋಗಿ ಬಂಡೆ ಪಕ್ಕ ಇಟ್ಟು, ಸರಿಯಾಗಿದ್ಯಾ ಅಂತ ತಾಳೆ ನೋಡೋದು! ಹೆಚ್ಚಿನ ಚಿತ್ರಗಳು ಸುಮಾರು 54 ಸೆಂ.ಮೀ. ಎತ್ತರ, 82 ಸೆಂ.ಮೀ. ಅಗಲ, ಜೇಬಲ್ಲಿ ಇಟ್ಕೊಂಡು ಹೋಗೋ ಸಾಮಾನಲ್ಲ.

ಬಾಸೆಲ್ ಮ್ಯೂಸಿಯಂನಲ್ಲಿ 1776ರ ಲೌಟರಾರ್ ಹಿಮನದಿಯ ಚಿತ್ರ ಇದೆ, ಅದರ ಮುಂದೆ ನಾನು ಮುಕ್ಕಾಲು ಗಂಟೆ ನಿಂತಿದ್ದೆ. ಮುಂದುಗಡೆ ಒಂದು ದೈತ್ಯ ಬಂಡೆ, ಅದರ ಪಕ್ಕ ಮನುಷ್ಯರು ಇರುವೆ ಥರ. ಆರಾವ್ ಅನ್ನೋ ಊರಿನ ಮ್ಯೂಸಿಯಂನಲ್ಲಿ 1777ರ ಡೆವಿಲ್ಸ್ ಬ್ರಿಡ್ಜ್ (ಬೆಟ್ಟದ ಕಮರಿಗೆ ಕಟ್ಟಿದ ಸೇತುವೆ) ಚಿತ್ರ ಇದೆ, ಸೇತುವೆ ಕಟ್ಟಿದವರ ಶ್ರಮಕ್ಕೆ ಅವಮಾನ ಆಗೋಷ್ಟು ಸಣ್ಣಕ್ಕೆ ಬಿಡಿಸಿದಾನೆ, ಉಳಿದದ್ದೆಲ್ಲಾ ಬಂಡೆನೇ. ಚಂದ ಕಾಣ್ಲಿ ಅಂತ ಮಾಡಿದ್ದಲ್ಲ, ಅಲ್ಲಿ ನಿಂತ್ರೆ ಎದೆ ಝಲ್ ಅನ್ನುತ್ತಲ್ಲ ಅದು.

ಈ ಚಿತ್ರಗಳನ್ನ ಅಚ್ಚು ಹಾಕಿಸಿ ವಾಗ್ನರ್ ತಂದ ಪುಸ್ತಕಕ್ಕೆ ಆಗಿನ ಕಾಲದ ದೊಡ್ಡ ವಿಜ್ಞಾನಿ ಮತ್ತು ಕವಿ ಹಾಲರ್ ಅವರೇ ಮುನ್ನುಡಿ ಬರೆದ್ರು. ಆದ್ರೂ ವ್ಯಾಪಾರ ಕೈ ಹಿಡೀಲಿಲ್ಲ. ವೋಲ್ಫ್ ಕೆಲಸ ಹುಡುಕ್ಕೊಂಡು ಜರ್ಮನಿ ಕಡೆ ಅಲೆದ, 1783ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಕೈಲಿ ಕಾಸಿಲ್ದೆ ತೀರ್ಕೊಂಡ, ಆಗ 48 ವರ್ಷ. ಆಮೇಲೆ ನೂರೈವತ್ತು ವರ್ಷ ಹತ್ರತ್ರ ಯಾರೂ ಕೇಳೋರಿಲ್ಲ. ಈಗ ಮುರಿಯ ಅದೇ ಮಠದಲ್ಲಿ ಅವನ ಹೆಸರಿನ ಮ್ಯೂಸಿಯಂ ಇದೆ.

ಇನ್ನೊಂದು ವಿಷಯ ಹೇಳ್ಲೇಬೇಕು. ನಮ್ಮ ಮಾವನವರು ಅಲ್ಲಿಗೆ ಬಂದಾಗ ಗ್ರಿಂಡೆಲ್‌ವಾಲ್ಡ್ ಅನ್ನೋ ಬೆಟ್ಟದ ಊರಿಗೆ ಕರ್ಕೊಂಡು ಹೋಗಿದ್ದೆ. ವೋಲ್ಫ್ ಅಲ್ಲಿನ ಕೆಳ ಹಿಮನದಿಯನ್ನ ಬಿಡಿಸಿದಾನೆ, ಆಗ ಅದು ಕಣಿವೆ ತಳದವರೆಗೂ ನಾಲಿಗೆ ಚಾಚ್ಕೊಂಡಿತ್ತು. ಅದನ್ನ ಫೋನಲ್ಲಿ ತೋರಿಸಿ ಎದುರಿಗಿನ ಜಾಗ ತೋರಿಸಿದೆ. ಅವರು ಕನ್ನಡಕ ಏರಿಸ್ಕೊಂಡು ನೋಡಿ, "ಎಲ್ಲೈತ್ರೀ ನಿಮ್ಮ ಐಸು, ಬರೀ ಬಂಡೆನ ಕಾಣ್ತತಿ" ಅಂದ್ರು. ನಿಜ, ಊರಿಂದ ಅದು ಈಗ ಕಾಣಲ್ಲ, ಮೇಲಕ್ಕೆ ಸರಿದುಬಿಟ್ಟಿದೆ, ಐಸಿದ್ದ ಕೊರಕಲಲ್ಲಿ ಟಿಕೆಟ್ ತಗೊಂಡು ಓಡಾಡ್ಬಹುದು. 2022 ಮತ್ತು 2023 ಎರಡೇ ವರ್ಷದಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದಲ್ಲಿ ಸುಮಾರು ನೂರಕ್ಕೆ ಹತ್ತರಷ್ಟು ಕಳ್ಕೊಂಡಿವೆ. ಫೋಟೋ ಅನ್ನೋದೇ ಇಲ್ಲದ ಕಾಲದಲ್ಲಿ ಐಸು ಎಲ್ಲಿವರೆಗಿತ್ತು ಅಂತ ಲೆಕ್ಕ ಹಾಕೋಕೆ ವಿಜ್ಞಾನಿಗಳು ಇಂಥ ಹಳೇ ಚಿತ್ರಗಳನ್ನೇ ಮುಂದಿಟ್ಕೊಂಡು ಕೂರ್ತಾರೆ. ಮನಸ್ಸಿಗೆ ಬಂದಂಗೆ ಬಿಡಿಸಿದ್ರೆ ಉಪಯೋಗಕ್ಕೆ ಬರ್ತಿತ್ತಾ? ಕ್ಯಾನ್ವಾಸ್ ಹೊತ್ಕೊಂಡು ಎರಡನೇ ಸಲ ಬೆಟ್ಟ ಹತ್ತಿದ್ದಕ್ಕೇ ಇವತ್ತು ಆ ಚಿತ್ರಕ್ಕೆ ಬೆಲೆ.

ಹಾಗಾಗಿ ಒಂದು ಕೋರಿಕೆ. ಇನ್ನೊಂದ್ಸಲ ಆಲ್ಪ್ಸ್ ಬಗ್ಗೆ ಬರೆದಾಗ ಆ ಹೋಟೆಲ್ ಬಾಲ್ಕನಿ ಫೋಟೋ ಪಕ್ಕದಲ್ಲಿ ವೋಲ್ಫ್‌ನ ಒಂದು ಚಿತ್ರಾನೂ ಹಾಕಿ. ಚಿತ್ರಕಾರ ಸತ್ತು 240 ವರ್ಷದ ಮೇಲಾಯ್ತು, ಕಾಪಿರೈಟ್ ತಕರಾರೂ ಬರಲ್ಲ. ಕಪ್ಪು ಬಿಳುಪಲ್ಲಿ ಮಾತ್ರ ಹಾಕ್ಬೇಡಿ ದಯವಿಟ್ಟು, ಐಸಿನ ಆ ಹಸಿರು ನೀಲಿ ಹೊರಟೋಗುತ್ತೆ.

ಇಂತಿ ನಿಮ್ಮ ಓದುಗ,
ದಾವಣಗೆರೆ