‘ನೋಕ್ಕಾಂ’ ಅನ್ನುವುದನ್ನು ಸದನದಲ್ಲೇ ಹೇಳಿಸೋಣ

ಮಾನ್ಯ ಸಂಪಾದಕರೇ,

ನಮ್ಮ ಕಾಸರಗೋಡಿನ ಕನ್ನಡಿಗರು ಜನಪ್ರತಿನಿಧಿಗಳಿಗೆ ಮನವಿ ಕೊಡುವ ಫೋಟೋ ನಿಮ್ಮ ಪತ್ರಿಕೆಯಲ್ಲಿ ತಿಂಗಳಿಗೆ ಒಂದಾದರೂ ಬರುತ್ತದೆ. ಅಂಥ ಎರಡು ಮೂರು ಫೋಟೋಗಳಲ್ಲಿ ನಾನೂ ಇದ್ದೇನೆ, ಹಿಂದಿನ ಸಾಲಿನಲ್ಲಿ, ಅರ್ಧ ಮುಖ. ಹಾಗಾಗಿ ಇದನ್ನು ಬೇರೆಯವರ ಮೇಲೆ ಬೊಟ್ಟು ಮಾಡಲು ಬರೆಯುತ್ತಿಲ್ಲ.

ಕೊನೆಯ ಸಲ ಮನವಿ ಕೊಡಲು ಹೋದದ್ದು ಒಂದು ಸಣ್ಣ ವಿಷಯಕ್ಕೆ. ಕೇಂದ್ರ ಸರ್ಕಾರದ ಒಂದು ಕಚೇರಿಗೆ ಅತ್ತಿಗೆಯ ಜೊತೆ ಹೋಗಿದ್ದೆ. ಅರ್ಜಿ ಫಾರಂ ಮಲಯಾಳದಲ್ಲಿತ್ತು, ಹಿಂದಿಯಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಇರಲಿಲ್ಲ. ಊರಿನ ಕನ್ನಡ ಶಾಲೆಯಲ್ಲಿ ಹತ್ತನೇ ಕ್ಲಾಸು ಪಾಸಾದ ಅತ್ತಿಗೆ, ಫಾರಂ ತುಂಬಿಸಿ ಕೊಡಿ ಅಂತ ಪಕ್ಕದಲ್ಲಿದ್ದ ಹುಡುಗನನ್ನು ಕೇಳಬೇಕಾಯಿತು. ಇದನ್ನೇ ಬರೆದು ಒಬ್ಬ ಜನಪ್ರತಿನಿಧಿಗೆ ಕೊಟ್ಟೆವು. ಶಾಲು ಹೊದೆಸಿದೆವು. ಅವರು ಓದದೆಯೇ ಮಲಯಾಳದಲ್ಲಿ ‘ನೋಕ್ಕಾಂ’, ಅಂದರೆ ‘ನೋಡೋಣ’, ಅಂದರು. ಕಾಗದ ಸಹಾಯಕರ ಬ್ಯಾಗಿಗೆ ಹೋಯಿತು. ಅದರಲ್ಲಿ ಆಗಲೇ ಹತ್ತಿಪ್ಪತ್ತು ಮನವಿಗಳಿದ್ದವು. ನಾವು ಚಹಾ ಕುಡಿದು ಬಸ್ಸು ಹತ್ತಿದೆವು.

ನಾನು ಹೇಳಬೇಕೆಂದಿರುವುದು ಆ ‘ನೋಕ್ಕಾಂ’ ಬಗ್ಗೆ. ಮನವಿ ಕೊಡುವ ಹಾಲ್‌ನಲ್ಲಿ ಹೇಳಿದರೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಅದೇ ಮಾತನ್ನು ಮಂತ್ರಿಯೊಬ್ಬರು ಲೋಕಸಭೆಯಲ್ಲಿ ಹೇಳಿದರೆ ಅದು ಸಾಲದ ಪತ್ರ ಇದ್ದ ಹಾಗೆ. ‘ವಿಷಯ ಪರಿಶೀಲನೆಯಲ್ಲಿದೆ’, ‘ಇದನ್ನು ನೋಡುತ್ತೇನೆ’ ಅಂತ ಸದನದಲ್ಲಿ ಬಂದರೆ ಅದು ಭರವಸೆ ಅಂತ ದಾಖಲಾಗುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಆಗದಿದ್ದರೆ ಇಲಾಖೆ ಹೆಚ್ಚು ಸಮಯ ಕೇಳಬೇಕು. ಇದನ್ನು ಬೆನ್ನು ಹತ್ತುವುದಕ್ಕೇ ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ, 1953ರಿಂದಲೂ. ಎಲ್ಲ ಭರವಸೆಯೂ ಈಡೇರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಬರುತ್ತದೆ, ಅಷ್ಟು ಸಾಕಲ್ವಾ?

ಹಾಗೆ ಹೇಳಿಸಲು ಮನವಿ ಸಾಲದು, ಪ್ರಶ್ನೆ ಬೇಕು. ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಇಲ್ಲದ ಪ್ರಶ್ನೆ. ಮೊದಲನೆಯದಕ್ಕೆ ಮಂತ್ರಿ ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಟಿವಿಯಲ್ಲಿ ಗಲಾಟೆ ಕಾಣುವುದು ಅದರಲ್ಲೇ. ಅದರಲ್ಲೂ ಆ ಒಂದು ಗಂಟೆಯಲ್ಲಿ ಮುಗಿಯುವುದು ಕೆಲವೇ ಕೆಲವು. ನಮಗೆ ಉಪಯೋಗಕ್ಕೆ ಬರುವುದು ಎರಡನೆಯದು. ಅದಕ್ಕೆ ಗದ್ದಲ ಇಲ್ಲ, ಲಿಖಿತ ಉತ್ತರ ಬರುತ್ತದೆ, ಯಾರು ಬೇಕಾದರೂ ತೆಗೆದು ಓದಬಹುದು. ಪ್ರಶ್ನೆ 150 ಪದ ಮೀರಬಾರದು. ಹದಿನೈದು ದಿನ ಮೊದಲು ನೋಟಿಸು ಕೊಟ್ಟಿರಬೇಕು. ವಿಷಯ ಕೇಂದ್ರದ್ದೇ ಆಗಿರಬೇಕು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದ್ದಾರೆ ಅಂತ ದೆಹಲಿಯಲ್ಲಿ ಕೇಳಿದರೆ ‘ರಾಜ್ಯವನ್ನು ಕೇಳಿ’ ಅಂತಾರೆ. ಅದಕ್ಕೆ ತಿರುವನಂತಪುರಕ್ಕೇ ಹೋಗಬೇಕು.

ನಮ್ಮವರು ಬರೆಯುವುದು ‘ಗಡಿನಾಡ ಕನ್ನಡಿಗರಿಗೆ ನ್ಯಾಯ ಒದಗಿಸಿ’ ಅಂತ. ಇದಕ್ಕೆ ಯಾರು ಏನು ಉತ್ತರ ಕೊಡಬೇಕು? ಸಂವಿಧಾನದ 350ಬಿ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗೆ ಒಬ್ಬ ವಿಶೇಷ ಅಧಿಕಾರಿ ಇರಬೇಕು. ಅವರ ವರದಿ ಎರಡೂ ಸದನಗಳ ಮುಂದೆ ಬರಬೇಕು. ಆ ವರದಿಗಳಲ್ಲಿ ಕಾಸರಗೋಡಿನ ಬಗ್ಗೆ ಏನಿದೆ, ಅದರಲ್ಲಿ ಎಷ್ಟು ಜಾರಿಯಾಗಿದೆ, ಕೇಂದ್ರದ ಕಚೇರಿಗಳಲ್ಲಿ ಕನ್ನಡದ ಫಾರಂ ಯಾವಾಗ ಸಿಗುತ್ತದೆ ಅಂತ ಕೇಳಿ. ತಪ್ಪಿಸಿಕೊಳ್ಳಲು ಜಾಗ ಕಡಿಮೆ. (ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಿ ಅಂದ ಮಹಾಜನ ವರದಿಯ ದೊಡ್ಡ ಮಾತು ಇಲ್ಲಿ ಬೇಡ. ರಾಜ್ಯದ ಗಡಿ ಬದಲಿಸುವುದು ಸಂಸತ್ತಿನ ಕೈಯಲ್ಲಿರುವ ಕೆಲಸ, ಅದು ಒಂದು ಪ್ರಶ್ನೆಯಲ್ಲಿ ಮುಗಿಯುವಂಥದ್ದಲ್ಲ.)

ನಮ್ಮ ಓಟು ಎಷ್ಟಿದೆ ಅಂತ ಯಾರೋ ಕೇಳಬಹುದು. ನಿಜ, ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ. ಕನ್ನಡದವರು ಜಾಸ್ತಿ ಇರುವುದು ಮಂಜೇಶ್ವರ, ಕಾಸರಗೋಡು ಕಡೆ. ಪಯ್ಯನ್ನೂರು, ಕಲ್ಯಾಶ್ಶೇರಿಯವರಿಗೆ ನಮ್ಮ ಫಾರಂ ತಲೆನೋವಲ್ಲ. ಆದರೆ ಪ್ರಶ್ನೆಯನ್ನು ನಮ್ಮ ಸಂಸದರೇ ಕೇಳಬೇಕೆಂದಿಲ್ಲ. ತಲಪಾಡಿ ಗಡಿಯಿಂದ ಆಚೆಯ ಕರ್ನಾಟಕದವರು ಕೇಳಬಹುದು, ರಾಜ್ಯಸಭೆಯವರು ಕೇಳಬಹುದು.

ಯಾರೂ ಕೇಳದಿದ್ದರೆ ಲೋಕಸಭೆಯ ಅರ್ಜಿಗಳ ಸಮಿತಿ ಇದೆ. ಅದಕ್ಕೆ ನಾವೇ ನೇರವಾಗಿ ಬರೆಯಬಹುದು. ‘ಒನ್ ರ‍್ಯಾಂಕ್ ಒನ್ ಪೆನ್ಶನ್’ ಅನ್ನುವ ಮಾಜಿ ಸೈನಿಕರ ಪಿಂಚಣಿ ಬೇಡಿಕೆಯೂ ಅರ್ಜಿಯಾಗಿ ರಾಜ್ಯಸಭೆಯ ಅಂಥದೇ ಸಮಿತಿಯ ಮುಂದೆ ಹೋಗಿತ್ತು. ಸಮಿತಿ 2011ರಲ್ಲಿ ಅದರ ಪರವಾಗಿ ವರದಿ ಕೊಟ್ಟಿತು, ಸರ್ಕಾರದ ಆದೇಶ ಬಂದದ್ದು 2015ರಲ್ಲಿ. ಒಂದು ತಮಾಷೆ ಮಾತ್ರ ಇದೆ. ಅರ್ಜಿ ಕನ್ನಡದಲ್ಲಿದ್ದರೆ ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಇಟ್ಟು ಸಹಿ ಹಾಕಬೇಕು. ಜೆ.ಎಚ್. ಪಟೇಲರು 1967ರಲ್ಲೇ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದರು. ಕನ್ನಡದ ಕಾಗದಕ್ಕೆ ಮಾತ್ರ ಇವತ್ತಿಗೂ ಜೊತೆಗೊಬ್ಬರು ಬೇಕು, ನಮ್ಮ ಅತ್ತಿಗೆಗೆ ಬೇಕಾದ ಹಾಗೆ.

ಕಳೆದ ಭಾನುವಾರ ವಾಚನಾಲಯದಲ್ಲಿ ನಾವು ಐದು ಜನ ಕೂತು ಪ್ರಶ್ನೆ ಬರೆದೆವು. ಮೊದಲ ಕರಡು ನಾಲ್ಕು ಪುಟ ಆಯಿತು. ಮಂಜೇಶ್ವರದ ಕವಿ ಗೋವಿಂದ ಪೈಗಳ ಹೆಸರೇ ಮೂರು ಸಲ ಬಂದಿತ್ತು. ಹೊಡೆದು ಹೊಡೆದು ಸಂಜೆಗೆ 140 ಪದಕ್ಕೆ ತಂದೆವು. ನಮ್ಮಲ್ಲೊಬ್ಬರು, ನಿವೃತ್ತ ಬ್ಯಾಂಕ್ ನೌಕರರು, ಇಂಗ್ಲಿಷಿಗೆ ಇಳಿಸಿದ್ದಾರೆ. ಮುಂದಿನ ಅಧಿವೇಶನಕ್ಕೆ ಮೊದಲು ಮೂವರು ಸಂಸದರಿಗೆ ಕಳುಹಿಸುತ್ತೇವೆ, ಶಾಲು ಇಲ್ಲದೆ. ಉತ್ತರ ಬಂದರೆ ಒಂದು ಪ್ರತಿ ನಿಮಗೂ ಬರುತ್ತದೆ. ಮನವಿಯ ಫೋಟೋಗೆ ಕೊಡುವಷ್ಟು ಜಾಗ ಅದಕ್ಕೂ ಕೊಡಿ.

– ಒಬ್ಬ ಓದುಗ, ಪೆರ್ಲ