ಹಳೆಯ ಮರದ ಮೋಟಾರು ದೋಣಿ: ಮೊದಲು ತಳ ನೋಡಿ, ವಾರ್ನಿಷ್ ಆಮೇಲೆ

ಮಾನ್ಯ ಸಂಪಾದಕರೇ,

ಅಮೆರಿಕದ ಸರೋವರಗಳಲ್ಲಿ ಓಡಾಡುವ ಹಳೆಯ ಮಹಾಗನಿ ಮೋಟಾರು ದೋಣಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು, ಚಿತ್ರಗಳಂತೂ ಇನ್ನೂ ಚೆನ್ನಾಗಿದ್ದವು. ಆದರೆ ಹೊಸದಾಗಿ ಇಂಥ ದೋಣಿ ಕೊಳ್ಳುವವರಿಗೆಂದು ಕೊನೆಯಲ್ಲಿ ಕೊಟ್ಟ ಮೂರು ಸಲಹೆಗಳನ್ನು ಸುಮ್ಮನೆ ಬಿಡುವಂತಿಲ್ಲ. ಮೊದಲು ವಾರ್ನಿಷ್ ಕೆರೆದು ಹೊಸದು ಬಳಿಯಿರಿ, ತಳ ಸೋರಿದರೆ ಫೈಬರ್‌ಗ್ಲಾಸ್ ಹೊದಿಸಿ, ಎಂಜಿನ್ನಿನ ಬಿಡಿಭಾಗ ಸಿಗದಿದ್ದರೆ ಕಾರಿನದನ್ನು ಹಾಕಿ ಎಂದಿದೆ. ಮೊದಲ ಎರಡರಿಂದ ದುಡ್ಡು ಹಾಳು. ಮೂರನೆಯದರಿಂದ ಪ್ರಾಣಕ್ಕೇ ಕುತ್ತು. ಅಮೆರಿಕದಲ್ಲಿ ನೆಲೆಸಿರುವ ನಿಮ್ಮ ಓದುಗರಲ್ಲಿ ಯಾರಾದರೂ ಲೇಖನ ಓದಿ ಜಾಹೀರಾತು ಹುಡುಕಲು ಕೂತಿದ್ದರೆ ಅವರಿಗಾಗಿ ಈ ಪತ್ರ.

ಅಲ್ಲಿ ಮಾರಾಟಕ್ಕೆ ಹೆಚ್ಚಾಗಿ ಕಣ್ಣಿಗೆ ಬೀಳುವುದು ಮಿಷಿಗನ್ ರಾಜ್ಯದ ಆಲ್ಗೊನಾಕ್‌ನಲ್ಲಿ ಹುಟ್ಟಿದ ಕ್ರಿಸ್-ಕ್ರಾಫ್ಟ್ ಕಂಪನಿಯ ದೋಣಿಗಳು. ಹೊಸಬರಿಗೆ ಅವೇ ಅನುಕೂಲ. ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಕಂಪನಿಯ ಹಳೆಯ ದಾಖಲೆಗಳು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿರುವ ಮ್ಯಾರಿನರ್ಸ್ ಮ್ಯೂಸಿಯಮ್‌ನಲ್ಲಿವೆ. ದೋಣಿಯ ಹಲ್ ಸಂಖ್ಯೆ, ಅಂದರೆ ಅದರ ಒಡಲಿನ ಗುರುತು ಸಂಖ್ಯೆ, ಕೊಟ್ಟು ಕೇಳಿದರೆ ಅದರ 'ಹಲ್ ಕಾರ್ಡ್' ಪ್ರತಿ ತರಿಸಿಕೊಳ್ಳಬಹುದು. ಕಾರ್ಖಾನೆಯಿಂದ ಹೊರಟಾಗ ಯಾವ ಎಂಜಿನ್ ಇತ್ತು, ಯಾವ ಊರಿನ ಡೀಲರಿಗೆ ಹೋಯಿತು ಎಂಬುದು ಅದರಿಂದ ತಿಳಿಯುತ್ತದೆ. 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಕಡ್ಡಾಯವಾದದ್ದು 1972ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ದೋಣಿಗೆ ತಯಾರಕರು ಮರದ ಮೇಲೆ ಒತ್ತಿದ ಸಂಖ್ಯೆಯೇ ಗತಿ. ಆ ಸಂಖ್ಯೆ ಮಾರುವವರ ಕಾಗದಪತ್ರದಲ್ಲಿರುವುದಕ್ಕೆ ತಾಳೆಯಾಗದಿದ್ದರೆ ಮುಂಗಡ ಕೊಡಬೇಡಿ. ಟ್ರೇಲರ್‌ನ ಕಾಗದ ಬೇರೆ, ಅದನ್ನೂ ಕೇಳಿ.

ಮೊದಲ ದೋಣಿಗೆ 1950ರ ದಶಕದ 17 ಅಥವಾ 18 ಅಡಿಯದು ಸಾಕು. ಇಂಥವುಗಳಲ್ಲಿ ಹರ್ಕ್ಯುಲಿಸ್ ಕಂಪನಿಯ ಬ್ಲಾಕಿನ ಮೇಲೆ ಕಟ್ಟಿದ 60 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ 'ಬಿ' ಎಂಜಿನ್ನೋ 95 ಅಶ್ವಶಕ್ತಿಯ ಆರು ಸಿಲಿಂಡರ್ 'ಕೆ' ಎಂಜಿನ್ನೋ ಇರುವುದು ಸಾಮಾನ್ಯ. ಎರಡೂ ಸರಳ, ಗಟ್ಟಿ. ಕ್ಯಾಬಿನ್ ಇರುವ ದೊಡ್ಡ ದೋಣಿ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಅದು ಅಗ್ಗಕ್ಕೆ ಸಿಗುವುದೇ ಯಾರಿಗೂ ಬೇಡವಾದ್ದರಿಂದ.

ಇನ್ನು ತಳದ ವಿಷಯ. ಈ ದೋಣಿಗಳ ತಳ ಒಂದೇ ಪದರದ್ದಲ್ಲ. ಒಳಗೊಂದು ತೆಳು ಪದರ, ಅದರ ಮೇಲೆ ಲೇಪದಲ್ಲಿ ತೋಯಿಸಿದ ಹತ್ತಿಬಟ್ಟೆ, ಅದರ ಹೊರಗೆ ಮಹಾಗನಿ ಹಲಗೆ. ಎಲ್ಲವನ್ನೂ ಒಳಗಿನ ಅಡ್ಡ ಫ್ರೇಮುಗಳಿಗೆ ಸಾವಿರಾರು ಸ್ಕ್ರೂಗಳು ಹಿಡಿದಿರುತ್ತವೆ. ಹಲಗೆ ನೀರು ಕುಡಿದು ಉಬ್ಬಿದಾಗ ಸಂದುಗಳು ತಾವಾಗಿ ಮುಚ್ಚಿಕೊಳ್ಳಬೇಕು, ಕಟ್ಟಿದವರ ಲೆಕ್ಕ ಅದು. ಮಲ್ಪೆ, ಗಂಗೊಳ್ಳಿ ಕಡೆ ಮರದ ದೋಣಿಯ ಕೆಲಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅರವತ್ತು ಎಪ್ಪತ್ತು ವರ್ಷ ಕಳೆದ ಮೇಲೆ ನಡುವಿನ ಬಟ್ಟೆ ಪುಡಿಯಾಗಿರುತ್ತದೆ. ಎರಡು ಪದರಗಳ ನಡುವೆ ಕೊಳೆ ಸೇರಿ, ತೇವ ನಿಂತು, ಫ್ರೇಮಿನ ತುದಿಗಳು ಕುಂಬಾಗಿರುತ್ತವೆ. ಮೇಲಿನ ವಾರ್ನಿಷ್ ಕನ್ನಡಿಯಂತೆ ಹೊಳೆಯುತ್ತಿದ್ದರೂ ಇದು ತಪ್ಪುವುದಿಲ್ಲ.

ನೋಡಲು ಹೋಗುವಾಗ ಒಂದು ದಬ್ಬಳ, ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ, ಟಾರ್ಚು, ಆರಡಿ ಉದ್ದದ ನೇರವಾದ ಪಟ್ಟಿ, ಗಟ್ಟಿ ದಾರ, ಒಂದು ಅಯಸ್ಕಾಂತ ಜೊತೆಗಿರಲಿ. ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಮರ ಟಣ್ ಎನ್ನುತ್ತದೆ, ಕುಂಬಾದದ್ದು ಬೊದ್ದು ಸದ್ದು ಕೊಡುತ್ತದೆ. ಅನುಮಾನ ಬಂದಲ್ಲಿ ಮಾಲೀಕರ ಒಪ್ಪಿಗೆ ಪಡೆದು ದಬ್ಬಳ ಚುಚ್ಚಿ. ಕುಂಬು ಮೊದಲು ಹಿಡಿಯುವುದು ಮಳೆನೀರು ನಿಲ್ಲುವ ಕಡೆ: ಹಿಂಬದಿಯ ಅಡ್ಡಗೋಡೆಯ ಕೆಳಮೂಲೆಗಳು, ತಳವೂ ಪಕ್ಕವೂ ಕೂಡುವ ಅಂಚು, ಮುಂದಿನ ಕಂಬದ ಬುಡ, ಕೀಲ್ ದಿಮ್ಮಿಗೆ (ತಳದ ನಡುವೆ ಉದ್ದಕ್ಕೂ ಹೋಗುವ ಬೆನ್ನೆಲುಬಿಗೆ) ತಾಗಿದ ಮೊದಲ ಹಲಗೆ. ಸರೋವರದ ನೀರಿಗಿಂತ ಹರಿದ ಟಾರ್ಪಾಲಿನಿಂದ ಇಳಿದ ಮಳೆನೀರೇ ಹೆಚ್ಚು ದೋಣಿಗಳನ್ನು ತಿಂದಿದೆ. ಟಾರ್ಪಾಲಿನಡಿ ಗಾಳಿಯಾಡದೆ ಶಿಲೀಂಧ್ರಕ್ಕೆ ಬೇಕಾದ ತೇವ ಹಾಗೇ ಉಳಿಯುತ್ತದೆ.

ಆಮೇಲೆ ದಾರವನ್ನು ಕೀಲ್‌ನ ಉದ್ದಕ್ಕೂ ಎಳೆದು ಹಿಡಿದು ಬೆನ್ನು ಬಾಗಿದೆಯೇ ನೋಡಿ. ತಪ್ಪು ಟ್ರೇಲರ್ ಮೇಲೆ ವರ್ಷಗಟ್ಟಲೆ ಕೂತ ದೋಣಿಯ ಎರಡೂ ತುದಿ ಜೋತುಬಿದ್ದಿರುತ್ತದೆ. ನೇರ ಪಟ್ಟಿಯನ್ನು ತಳದ ಹಿಂಭಾಗದ ಕೊನೆಯ ಆರಡಿಗೆ ಒತ್ತಿ ಹಿಡಿಯಿರಿ. ತುದಿಯಲ್ಲಿ ತಳ ಕೆಳಕ್ಕೆ ಬಾಗಿದ್ದರೆ ವೇಗ ಹೆಚ್ಚಿದಂತೆ ದೋಣಿ ಮೂತಿಯನ್ನು ನೀರಿಗೆ ಒತ್ತುತ್ತದೆ, ಚುಕ್ಕಾಣಿಯ ಮಾತು ಕೇಳುವುದಿಲ್ಲ.

ಕೊನೆಗೆ ಸ್ಕ್ರೂಗಳು. ತಳದ ಬೇರೆಬೇರೆ ಜಾಗಗಳಿಂದ ಎಂಟು ಹತ್ತನ್ನಾದರೂ ಬಿಚ್ಚಿ ನೋಡಲು ಬಿಡಿ ಎಂದು ಕೇಳಿ. ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಹಿತ್ತಾಳೆ ಸ್ಕ್ರೂ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಸತು ಕರಗಿಹೋಗಿ ಬರೀ ತಾಮ್ರದ ಜಾಳು ಉಳಿದಿದೆ ಎಂದರ್ಥ, ಬೆರಳಲ್ಲೇ ಮುರಿಯುತ್ತದೆ. ಸ್ಕ್ರೂ ಸರಿಯಿದ್ದು ಮರ ಹಿಡಿತ ಬಿಟ್ಟಿದ್ದರೆ ಫ್ರೇಮೇ ಹೋಗಿದೆ. ಅಯಸ್ಕಾಂತ ಅಂಟಿದ ಕಡೆ ಯಾರೋ ಕಬ್ಬಿಣದ ಸ್ಕ್ರೂ ಹೊಡೆದಿದ್ದಾರೆ. ದೋಣಿಗೆ ತಕ್ಕ ಸ್ಕ್ರೂವಿನ ಲೋಹವಾದ ಸಿಲಿಕಾನ್ ಕಂಚಿಗೆ ಅದು ಅಂಟುವುದಿಲ್ಲ. ಕ್ರಿಸ್-ಕ್ರಾಫ್ಟ್‌ನಲ್ಲಿ ಬಹಳ ಕಡೆ ಇರುವುದು ಫ್ರಿಯರ್ಸನ್ ತಲೆಯ ಸ್ಕ್ರೂ. ನೋಡಲು ಫಿಲಿಪ್ಸ್‌ನಂತೆಯೇ ಕಂಡರೂ ಫಿಲಿಪ್ಸ್ ಬಿಟ್ ಹಾಕಿ ತಿರುಗಿಸಿದರೆ ಜಾರಿ ತಲೆ ಸವೆಯುತ್ತದೆ. ಸರಿಯಾದ ಬಿಟ್ ಮೊದಲೇ ತರಿಸಿಕೊಳ್ಳಿ. ತಲೆ ಮುಚ್ಚಿದ ಮರದ ಬಿರಡೆ ತೆಗೆಯಲು ಉಳಿ ಬೇಡ, ಹಲಗೆಯ ಅಂಚು ಕಿತ್ತುಬರುತ್ತದೆ. ಬಿರಡೆಯ ನಡುವೆ ಸಣ್ಣ ತೂತು ಕೊರೆದು ಒಂದು ಸ್ಕ್ರೂ ತಿರುಗಿಸಿ. ಅದು ಕೆಳಗಿನ ಲೋಹಕ್ಕೆ ತಾಗಿದ ಕೂಡಲೇ ಬಿರಡೆ ತಾನೇ ಮೇಲೇಳುತ್ತದೆ.

ತಳ ಪೂರ್ತಿ ಬದಲಿಸಲೇಬೇಕಾದರೆ ಈಗ ಹೆಚ್ಚಿನವರು ಹಿಡಿದಿರುವ ದಾರಿ '5200 ತಳ'. 5200 ಎಂದರೆ 3ಎಂ ಕಂಪನಿಯ ಪಾಲಿಯುರಿಥೇನ್ ಅಂಟು. ಒಳಪದರಕ್ಕೆ ಎರಡೂ ಮುಖಕ್ಕೆ ಎಪಾಕ್ಸಿ ಬಳಿದ ಬಿಎಸ್ 1088 ಗುಣಮಟ್ಟದ ಮರೀನ್ ಪ್ಲೈವುಡ್, ಅದರ ಮೇಲೆ 5200, ಮೇಲೆ ಮಹಾಗನಿ ಹಲಗೆ, ಸಿಲಿಕಾನ್ ಕಂಚಿನ ಸ್ಕ್ರೂ. ತಳ ಸುಮಾರು 6 ಚದರ ಮೀಟರ್, ಅಂಟಿನ ಪದರ ಒಂದೂವರೆ ಮಿಲಿಮೀಟರ್ ಎಂದಿಟ್ಟುಕೊಂಡರೆ 9 ಲೀಟರ್ ಬೇಕು. ಅಂದರೆ 295 ಮಿಲಿಲೀಟರಿನ ಟ್ಯೂಬು ಮೂವತ್ತೊಂದು, ಚೆಲ್ಲುವುದಕ್ಕೆಂದು ಇನ್ನೂ ನಾಲ್ಕೈದು. ಪೂರ್ತಿ ಗಟ್ಟಿಯಾಗಲು ಐದರಿಂದ ಏಳು ದಿನ ಬೇಕು, ಅಲ್ಲಿಯವರೆಗೆ ಉಜ್ಜಲು ಹೋಗಬೇಡಿ. ನೀರಿನ ಮಟ್ಟದ ಕೆಳಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬೇಡ. ಒದ್ದೆ ಮರದೊಳಗೆ ಆಮ್ಲಜನಕ ಸಿಗದೆ ಅದು ಕಣ್ಣಿಗೆ ಕಾಣದಂತೆ ಗುಂಡಿಗುಂಡಿಯಾಗಿ ಸವೆಯುತ್ತದೆ. ಸ್ಕ್ರೂ ಸಲೀಸಾಗಿ ಇಳಿಯಲೆಂದು ಸಾಬೂನು ಸವರುವ ಅಭ್ಯಾಸವೂ ಬೇಡ, ಅದು ತೇವ ಎಳೆಯುತ್ತದೆ. ಜೇನುಮೇಣ ಸವರಿ.

ಕೆಲಸದ ಕ್ರಮ ತಪ್ಪಿದರೆ ದೋಣಿಯ ಆಕಾರವೇ ಕೆಡುತ್ತದೆ. ಮೊದಲು ಎಂಜಿನ್ ಇಳಿಸಿ, ದೋಣಿಯನ್ನು ಮಟ್ಟವಾಗಿ ಕೂರಿಸಿ, ಒಳಗೆ ಅಡ್ಡ ಊರುಗೋಲು ಕೊಟ್ಟು, ನಡುಗೆರೆಗೆ ದಾರ ಕಟ್ಟಿ ಅಳತೆ ಬರೆದಿಟ್ಟುಕೊಳ್ಳಿ. ಆಮೇಲೆ ಮಗುಚಿ. ಡೆಕ್ ಮತ್ತು ಪಕ್ಕದ ಹಲಗೆ ಹಾಗೇ ಇರಲಿ, ಆಕಾರ ಹಿಡಿದಿರುವುದು ಅವೇ. ಫ್ರೇಮುಗಳನ್ನು ಒಂದೊಂದಾಗಿ ಮಾತ್ರ ಬದಲಿಸಿ. ಬಿಚ್ಚಿದ ಹಳೆಯ ಹಲಗೆ ಎಷ್ಟೇ ಕುಂಬಾಗಿದ್ದರೂ ಎಸೆಯಬೇಡಿ, ಹೊಸದನ್ನು ಕತ್ತರಿಸಲು ಅಚ್ಚು ಅದೇ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ್ದಾಗ ಉಜ್ಜಬೇಡಿ, ಒಳ್ಳೆಯ ಮುಖಗವಸು ಇರಲಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಫೈಬರ್‌ಗ್ಲಾಸ್ ಯಾಕೆ ಬೇಡ ಎಂದರೆ, ಒಳಗಿನ ಹಲಗೆ ಬಿಲ್ಜಿನ (ದೋಣಿಯೊಳಗೆ ನೀರು ಸೇರುವ ತಳದ ಜಾಗದ) ತೇವ ಕುಡಿದು ಉಬ್ಬುತ್ತ ಒಣಗುತ್ತ ಅಲುಗಾಡುತ್ತಲೇ ಇರುತ್ತದೆ, ಹೊರಗಿನ ಗಡಸು ಹೊದಿಕೆ ಅಲುಗಾಡುವುದಿಲ್ಲ. ಒಂದೆರಡು ಋತುಗಳಲ್ಲಿ ಅದು ಕಿತ್ತುಬರುತ್ತದೆ. ಅಷ್ಟರಲ್ಲಿ ಒಳಗೆ ಸಿಕ್ಕಿಕೊಂಡ ನೀರು ಫ್ರೇಮುಗಳನ್ನು ಮುಗಿಸಿರುತ್ತದೆ. ಕಾರ್ಖಾನೆಯ ಹಳೆಯ ತಳ ಇನ್ನೂ ಗಟ್ಟಿಯಾಗಿದ್ದು ಬರೀ ಒಣಗಿ ಸಂದು ಬಿಟ್ಟಿದ್ದರೆ ರಿಪೇರಿಯೇ ಬೇಕಿಲ್ಲ. ಒದ್ದೆ ಗೋಣಿಚೀಲ ಹಾಸಿ ಕೆಲವು ದಿನ ನೆನೆಸಿ, ಆಮೇಲೆ ಪಟ್ಟಿಗಳಲ್ಲಿ ತೂಗುಹಾಕಿದಂತೆಯೇ ನೀರಿಗೆ ಇಳಿಸಿ, ಎರಡು ಪಂಪು ಇಟ್ಟುಕೊಂಡು ಎರಡು ಮೂರು ದಿನ ಕಾಯಿರಿ. ಒಣಗಿದ ಸಂದಿಗೆ ಗಟ್ಟಿಯಾಗಿ ಅಂಟು ತುಂಬಿಬಿಟ್ಟರೆ ಉಬ್ಬುವ ಹಲಗೆಗೆ ಜಾಗವಿಲ್ಲದೆ ಸ್ಕ್ರೂ ಕಿತ್ತುಕೊಳ್ಳುತ್ತದೆ, ಫ್ರೇಮೂ ಸೀಳಬಹುದು.

ಎಂಜಿನ್ ವಿಷಯಕ್ಕೆ ಬಂದರೆ, ವರ್ಷಗಳಿಂದ ನಿಂತದ್ದಕ್ಕೆ ಬ್ಯಾಟರಿ ಕೊಟ್ಟು ನೋಡುವ ಆತುರ ಬೇಡ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ತೆಳು ಎಣ್ಣೆ ಸುರಿದು, ಕೆಲವು ದಿನ ಬಿಟ್ಟು ಕೈಯಲ್ಲೇ ತಿರುಗಿಸಿ. ಬ್ಲಾಕಿನ ಪಕ್ಕದಲ್ಲಿ ಉದ್ದನೆಯ ಬಿರುಕೋ ಬೆಸುಗೆಯ ಗೆರೆಯೋ ಇದೆಯೇ ನೋಡಿ. ಚಳಿಗಾಲಕ್ಕೆ ಮೊದಲು ನೀರು ಬಸಿಯದ ಎಂಜಿನ್ ಹೆಪ್ಪುಗಟ್ಟಿ ಒಡೆಯುವುದು ಅಲ್ಲೇ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯುವಾಗ ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ಶೇ 10ರೊಳಗಿದ್ದರೆ ನೆಮ್ಮದಿ. ಎಥನಾಲ್ ಬೆರೆತ ಈಗಿನ ಪೆಟ್ರೋಲು ಹಳೆಯ ರಬ್ಬರನ್ನು ಕರಗಿಸುತ್ತದೆ, ಇಂಧನದ ಕೊಳವೆ, ಪಂಪಿನ ಡಯಾಫ್ರಮ್ ಎರಡನ್ನೂ ಕೇಳದೆ ಬದಲಿಸಿ. 6 ವೋಲ್ಟಿನ ಸ್ಟಾರ್ಟರ್ ಸೋಮಾರಿಯಾಗಿದ್ದರೆ 12ಕ್ಕೆ ಬದಲಿಸುವ ಮುನ್ನ ಕೇಬಲ್ ನೋಡಿ. ಅರ್ಧಕ್ಕರ್ಧ ದೂರು ಕಾರಿನ ಸಪೂರ ಕೇಬಲ್ಲಿನದು.

ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಹೋಗುವ ಶಾಫ್ಟಿನ ಜೋಡಣೆಯನ್ನು ಶೆಡ್ಡಿನಲ್ಲಿ ಮುಗಿಸಿಬಿಟ್ಟೆವು ಎಂದುಕೊಳ್ಳಬೇಡಿ. ನೀರಿಗಿಳಿದು ಒಂದೆರಡು ದಿನವಾದ ಮೇಲೆ ದೋಣಿಯ ಆಕಾರ ತುಸು ಬದಲಾಗಿರುತ್ತದೆ. ಆಗ ಎಂಜಿನ್ನಿಗೂ ಶಾಫ್ಟಿಗೂ ಕೂಡುವ ಕಪ್ಲಿಂಗಿನ ಎರಡು ಮುಖಗಳ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ಅಳೆಯಿರಿ: ವ್ಯಾಸದ ಒಂದಿಂಚಿಗೆ ಇಂಚಿನ ಸಾವಿರದ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಶಾಫ್ಟ್ ಹೊರಹೋಗುವಲ್ಲಿ ನಿಮಿಷಕ್ಕೆ ಒಂದೆರಡು ತೊಟ್ಟು ನೀರು ಬೀಳುತ್ತಿರಲಿ. ಪೂರ್ತಿ ನಿಲ್ಲುವಷ್ಟು ಬಿಗಿದರೆ ಅಲ್ಲಿ ನೀರು ತಡೆಯಲು ಸುತ್ತಿದ ಪ್ಯಾಕಿಂಗ್ ಸುಟ್ಟು ಶಾಫ್ಟಿಗೆ ಗೀರು ಬೀಳುತ್ತದೆ.

ವಾರ್ನಿಷ್ ಬಗ್ಗೆ ನಿಮ್ಮ ಲೇಖನವೇ ಸಾಕಷ್ಟು ಹೇಳಿದೆ. ಸೇರಿಸಬೇಕಾದದ್ದು ಇಷ್ಟೇ: ಮೊದಲ ಕೋಟಿನ ವಾರ್ನಿಷ್ ತಿನ್ನರ್ ಬೆರೆಸಿ ಅರ್ಧಕ್ಕರ್ಧ ತೆಳು ಮಾಡಿದ್ದಿರಲಿ, ಒಟ್ಟು ಎಂಟು ಹತ್ತು ಕೋಟುಗಳಿಗೆ ಕಡಿಮೆ ಬೇಡ, ಪ್ರತಿ ವರ್ಷ ಮತ್ತೆರಡು ಕೋಟು ಬೇಕೇಬೇಕು.

ಮೂರನೆಯ ಸಲಹೆಗಾದರೂ ಮುಂದಿನ ಭಾನುವಾರ ತಿದ್ದುಪಡಿ ಹಾಕಬೇಕೆಂದು ಕೋರುತ್ತೇವೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಅದು ರಸ್ತೆಗೆ ಇಳಿದುಹೋಗುತ್ತದೆ, ದೋಣಿಯಲ್ಲಿ ಬಿಲ್ಜಿನಲ್ಲಿ ಕೂರುತ್ತದೆ. ಕಾರಿನ ಆಲ್ಟರ್ನೇಟರ್, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್‌ಗಳಲ್ಲಿ ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂತೆ ಮಾಡಿದ ರಕ್ಷಣೆ ಇರುವುದಿಲ್ಲ. ಮರೀನ್ ದರ್ಜೆಯದೇ ಬೇಕು. ಕಾರ್ಬ್ಯುರೇಟರಿನ ಮೇಲೆ ಒಳಗಿನ ಬೆಂಕಿ ಹೊರಬರದಂತೆ ತಡೆಯುವ ಫ್ಲೇಮ್ ಅರೆಸ್ಟರ್ ಇರಬೇಕು. 1940ರ ಏಪ್ರಿಲ್ 25ರ ನಂತರ ಕೂರಿಸಿದ ಒಳ ಪೆಟ್ರೋಲ್ ಎಂಜಿನ್ನುಗಳಿಗೆ ಅಮೆರಿಕದಲ್ಲಿ ಅದು ಕಾನೂನು ಕೂಡ. ಬಿಲ್ಜಿನ ಆವಿ ಹೊರಹಾಕುವ ಬ್ಲೋವರ್ ಹಳೆಯ ದೋಣಿಯಲ್ಲಿ ಇಲ್ಲದಿದ್ದರೆ ಹಾಕಿಸಿ, ಎಂಜಿನ್ ಚಾಲೂ ಮಾಡುವ ಮುನ್ನ ನಾಲ್ಕು ನಿಮಿಷ ಓಡಿಸಿ, ಮುಚ್ಚಳ ಎತ್ತಿ ಮೂಸಿ ನೋಡಿ. ವಾಸನೆ ಬಂದರೆ ಕೀಲಿ ಮುಟ್ಟಬೇಡಿ.

ಇಂತಿ,
ಹಳೆಯ ಮರದ ದೋಣಿಗಳ ಇಬ್ಬರು ಹವ್ಯಾಸಿಗಳು,
ಮಿಷಿಗನ್, ಅಮೆರಿಕ